ಹಂಪವ್ವನ ಆಡಿನ ಎರಡು ಗಾಯ

ಅಳವಂಡಿ
೧೮ ಫೆಬ್ರುವರಿ ೨೦೨೪

ಮುದ್ದಿನ ಮೊಮ್ಮಗಳು ಅತೀಯಾಳಿಗೆ ದಾದಿಯ ದುವಾ.

ನಾವೆಲ್ಲ ಚೆನ್ನಾಗಿದ್ದೇವೆ. ಕಾಗದ ತಡವಾಯಿತೆಂದು ಮುಖ ಊದಿಸಬೇಡ. ಹಂಪವ್ವನ ಆಡಿನ ಗಾಯ ಮಾಯುವವರೆಗೆ ಬರೆಯಬಾರದೆಂದು ಕೂತಿದ್ದೆ. ಫೋನ್ ಮಾಡೋಣವೆಂದರೆ ನಿನ್ನಪ್ಪ ಶಬ್ಬೀರ ಪಕ್ಕದಲ್ಲೇ ಕೂತು ಕಿವಿ ಕೊಡುತ್ತಾನೆ.

ಊರಿನವರ ಹುಣ್ಣಿಗೆಲ್ಲ ನಾನು ಹಚ್ಚುವ ಲಕ್ಕಿ ಸೊಪ್ಪನ್ನು ಕಟ್ಟಿಕೊಂಡು ಗಂಗಾವತಿಗೆ, ನಿನ್ನ ಕಾಲೇಜಿಗೆ ಬಂದೆನಲ್ಲ, ಅಂದಿನಿಂದ ಆ ಗಾಜಿನ ತಟ್ಟೆಯೇ ಕಣ್ಣಮುಂದೆ. ಅದರಲ್ಲಿ ರೋಗದ ಕ್ರಿಮಿಯನ್ನು ನೀನೇ ಬೆಳೆಸುತ್ತೀ, ನೀನೇ ಕೊಲ್ಲುತ್ತೀ! ಇದಕ್ಕೆ ಪದವಿ ಬೇರೆ ಕೊಡುತ್ತಾರೆ. ನನ್ನ ಸೊಪ್ಪಿನ ಅರ್ಕ ಹೀರಿದ ಕಾಗದದ ಬಿಲ್ಲೆಯ ಸುತ್ತ ಕ್ರಿಮಿ ಸತ್ತು, ಉಂಗುರದಷ್ಟು ಜಾಗ ತಿಳಿಯಾಗಿತ್ತು. ಓಣಿಗೆಲ್ಲ ಹೇಳಿ ಬಂದೆ. ಆದರೆ ಬರೀ ನೀರು ಹೀರಿದ ಬಿಲ್ಲೆ ಯಾಕೆ ಇಟ್ಟೆ ಎಂದು ಕೇಳಿದ್ದಕ್ಕೆ ನೀನು, "ಅದು ಇಲ್ಲಂದ್ರ ಗುಣಾ ಸೊಪ್ಪಿಂದೋ ಮತ್ತೊಂದರದೋ ಹೆಂಗ ತಿಳೀತೈತಿ, ದಾದಿ? ಮತ್ತ ತಟ್ಟಿ ಬ್ಯಾರೆ, ಮೈ ಬ್ಯಾರೆ" ಎಂದೆ. ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಸೊಪ್ಪು ಗಾಯ ಮಾಯಿಸುತ್ತದೋ ಇಲ್ಲವೋ, ನನಗೆ ತಿಳಿಯಲೇಬೇಕಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಹಂಪವ್ವನ ಆಡು ಮುಳ್ಳುಬೇಲಿ ನುಗ್ಗಿ ಎರಡೂ ತೊಡೆ ಗೀರಿಕೊಂಡು ಬಂತು. ಎರಡನ್ನೂ ಉಪ್ಪುನೀರಿನಲ್ಲಿ ತೊಳೆದೆ. ಸೊಪ್ಪು ಮಾತ್ರ ಒಂದಕ್ಕೇ ಅರೆದು ಹಚ್ಚಿದೆ.

"ಯಾಕಬೇ ಚಾಂದಬೀ, ಸೊಪ್ಪಿನಾಗೂ ಜಿಪುಣತನಾ?" ಎಂದಳು ಹಂಪವ್ವ.

"ಆ ಕಡಿಂದು ನೀರಿನ ಬಿಲ್ಲೆ. ನಿನಗ ತಿಳಿಯಂಗಿಲ್ಲ, ಕಾಲು ಹಿಡಕೋ."

"ನನ್ನ ಆಡಿಗೆ ಬಿಲ್ಲೆ ಅಂತಾಳ! ಮೊಮ್ಮಗಳು ನಿನ್ನ ತಲಿ ಕೆಡಿಸ್ಯಾಳ ನೋಡು."

ದಿನಾ ಬೆಳಿಗ್ಗೆ ಹೋಗಿ ಬಗ್ಗಿ ಬಗ್ಗಿ ನೋಡಿದೆ. ಎರಡೂ ಒಟ್ಟಿಗೇ ಒಣಗಿದವು, ಒಟ್ಟಿಗೇ ಹಕ್ಕಳೆ ಉದುರಿತು! ಹಂಪವ್ವ, "ಚಾಂದಬೀ ಸೊಪ್ಪಂದ್ರ ಸೊಪ್ಪು" ಎಂದು ಸಾರುತ್ತಿದ್ದಾಳೆ. ಹಚ್ಚದ ತೊಡೆಯನ್ನು ಮರೆತೇಬಿಟ್ಟಿದ್ದಾಳೆ. ಮಾಯಿಸಿದ್ದು ಉಪ್ಪುನೀರೋ, ಆಡಿನ ಮೈಯೋ? ಹಾಗಾದರೆ ತಟ್ಟೆಯಲ್ಲಿ ಕ್ರಿಮಿ ಸತ್ತದ್ದು ಸುಳ್ಳೇ? ನಿನ್ನ ಮೇಡಂ ಅವರನ್ನು ಕೇಳು.

ಹೊತ್ತಿಗೆ ಸರಿಯಾಗಿ ಉಣ್ಣು. ಕ್ರಿಮಿ ಮುಟ್ಟಿದ ಕೈ ತಿಕ್ಕಿ ತೊಳೆ. ನಿನ್ನ ಕಲಿಕೆಗೆ ಅಲ್ಲಾಹನ ಬರಕತ್ ಇರಲಿ.

ನಿನ್ನ ದಾದಿ
ಚಾಂದಬೀ

ತಾ.ಕ.: ನನ್ನ ಎಡ ಹಿಮ್ಮಡಿಯಲ್ಲೂ ಒಂದು ಗಾಯವಿದೆ. ಗಂಗಾವತಿಗೆ ಬಂದಾಗಲೇ ಇತ್ತು. ಸೊಪ್ಪನ್ನು ನಿನ್ನ ಹತ್ತಿರ ಪರೀಕ್ಷೆಗೆ ತಂದದ್ದು ಅದಕ್ಕಾಗಿಯೇ. ತೊಳೆದೆ, ಹಚ್ಚಿದೆ, ಅಗಲವಾಗುತ್ತಲೇ ಇದೆ. ಸಕ್ಕರೆ ಕಾಯಿಲೆಯ ಕಾಲು, ಒತ್ತಿದರೂ ನೋವಿಲ್ಲ. ಆಡಿನವು ಎರಡೂ ಮಾಯ್ದವು, ನನ್ನದೊಂದು ಯಾಕೆ ಮಾಯುತ್ತಿಲ್ಲ? ಊರಿಗೆಲ್ಲ ಔಷಧಿ ಕೊಟ್ಟವಳು ಶಬ್ಬೀರನಿಗೆ ಹೇಗೆ ತೋರಿಸಲಿ? ಕಾಗದ ಮುಟ್ಟಿದ ಕೂಡಲೇ ಬಾ, ಆಸ್ಪತ್ರೆಗೆ ಹೋಗೋಣ. ಇವತ್ತು ಸೊಪ್ಪು ಹಚ್ಚಿಲ್ಲ.