ನಲ್ಲಿ ತಿರುಗಿಸಿದ ಕೈ

ಲೇಡೀಸ್ ಹಾಸ್ಟೆಲ್, ದಾವಣಗೆರೆ
15 ಫೆಬ್ರವರಿ 2025, ಶನಿವಾರ

ಪ್ರೀತಿಯ ಅಜ್ಜಾ,

ಕಣ್ಣು ಹೇಗಿದೆ? ಆಪರೇಷನ್ ಆದ ಕಣ್ಣಿಗೆ ಮೂರು ಹೊತ್ತೂ ಡ್ರಾಪ್ಸ್ ಹಾಕಿಸಿಕೊಳ್ಳುತ್ತಿದ್ದೀಯೋ, ಇಲ್ಲಾ ಉಚ್ಚಂಗಮ್ಮತ್ತೆಗೆ ಗೊತ್ತಾಗದ ಹಾಗೆ ಹೊಳೆ ದಂಡೆಗೆ ತಿರುಗಾಡಲು ಹೋಗುತ್ತಿದ್ದೀಯೋ? ಧೂಳಿಗೆ ಹೋಗಬೇಡ. ಅಕ್ಷರ ದಪ್ಪಗೆ ಬರೆದಿದ್ದೇನೆ, ನೀನೇ ಓದಿಕೋ, ಅತ್ತೆಯ ಕೈಯಲ್ಲಿ ಓದಿಸಬೇಡ. ಇಲ್ಲಿಂದ ಹರಿಹರಕ್ಕೆ ಯಾರಾದರೂ ಪತ್ರ ಬರೆಯುತ್ತಾರಾ ಅಂತ ನಗುತ್ತೀಯ, ಗೊತ್ತು. ಫೋನಿನಲ್ಲಿ ನಿನಗೆ ಅರ್ಧ ಕೇಳಿಸುವುದಿಲ್ಲ. ನಾನು ಜೋರಾಗಿ ಹೇಳಿದರೆ ಇಡೀ ಹಾಸ್ಟೆಲಿಗೆ ಕೇಳಿಸುತ್ತದೆ. ಎದುರಿಗೆ ಬಂದು ಹೇಳಲು ಮುಖ ಇಲ್ಲ.

ದೀಪಾವಳಿಗೆ ಬಂದಾಗ ನಮ್ಮ ಪ್ರಾಜೆಕ್ಟಿನ ವಿಷಯ ಹೇಳಿದ್ದೆನಲ್ಲ, ಕಟ್ಟಿಗೆಯಿಂದ ಎಣ್ಣೆ ತೆಗೆಯುವುದು, ಪೈರಾಲಿಸಿಸ್ ಅಂತ. ಸಾಮಿಲ್‌ನಿಂದ ತಂದ ಮರದ ಹೊಟ್ಟು, ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡು, ಎರಡನ್ನೂ ಒಣಗಿಸಿ ಕಬ್ಬಿಣದ ಡ್ರಮ್ಮಿಗೆ ತುಂಬಿ, ಗಾಳಿ ಹೋಗದ ಹಾಗೆ ಬಿಗಿ ಮಾಡಿ ಕೆಳಗಿನಿಂದ ಗ್ಯಾಸ್ ಒಲೆಯಲ್ಲಿ ಕಾಯಿಸುತ್ತೇವೆ. ಗಾಳಿ ಇಲ್ಲದ್ದಕ್ಕೆ ಅದು ಉರಿಯುವುದಿಲ್ಲ, ಒಳಗೇ ಬೆಂದು ಹೊಗೆ ಬಿಡುತ್ತದೆ. ಆ ಹೊಗೆ ಬರುವ ಪೈಪಿನ ಸುತ್ತ ತಣ್ಣೀರು ಹರಿಯುತ್ತಲೇ ಇರಬೇಕು. ಆಗ ಹೊಗೆ ತಣಿದು ಕಪ್ಪು ಎಣ್ಣೆಯಾಗಿ ಬಾಟಲಿಗೆ ತೊಟ್ಟಿಕ್ಕುತ್ತದೆ. "ಸಾರಾಯಿ ಇಳಿಸ್ದಂಗೆ ಅನ್ನು" ಅಂದಿದ್ದೆ ನೀನು. ಹಾಗೇ. ಮೊದಲ ಸಲ ಅರ್ಧ ಲೋಟ ಬಂದಾಗ ಲ್ಯಾಬ್ ಅಟೆಂಡರ್ ಮಸ್ತಾನಸಾಬರು ಮೂಸಿ ನೋಡಿ, "ಏನವ್ವಾ ಎಂಜಿನಿಯರಮ್ಮ, ಇದ್ನ ಗಾಡಿಗೆ ಹಾಕ್ಬೇಕೋ, ದನದ ಗಾಯಕ್ಕೆ ಹಚ್ಬೇಕೋ?" ಅಂದಿದ್ದರು. ನಿಜ ಹೇಳಬೇಕೆಂದರೆ ಗಾಡಿಗೆ ಹಾಗೇ ಹಾಕಲು ಬರುವುದಿಲ್ಲ. ಅದರಲ್ಲಿ ನೀರೂ ಹುಳಿಯೂ ಜಾಸ್ತಿ, ಕಬ್ಬಿಣವನ್ನೇ ತಿನ್ನುತ್ತದೆ. ಬಾಯ್ಲರಿಗೆ ಆದೀತು. ನೋಡು, ಎಲ್ಲಾ ಬರೆಯುತ್ತಿದ್ದೇನೆ, ಬರೆಯಬೇಕಾದ್ದನ್ನು ಬಿಟ್ಟು.

ಹೋದ ಮಂಗಳವಾರ ಎರಡನೇ ಸಲ ಕಾಯಿಸಿದೆವು. ಊರಿಗೆ ಎಂಟು ದಿನದಿಂದ ನಲ್ಲಿ ನೀರು ಬಂದಿರಲಿಲ್ಲ, ಹಾಸ್ಟೆಲಿನಲ್ಲಿ ಒಬ್ಬೊಬ್ಬರಿಗೆ ಎರಡೇ ಬಕೆಟ್. ನೋಟ್‌ಬುಕ್ ತರಲು, ಡ್ರಮ್ಮು ಇಟ್ಟ ಶೆಡ್ಡಿನ ಹಿಂದಿನಿಂದ ಹೋಗುತ್ತಿದ್ದೆ. ಪೈಪೊಂದರಿಂದ ಲ್ಯಾಬಿನ ಟ್ಯಾಂಕಿನ ಒಳ್ಳೆಯ ನೀರು ಸುಮ್ಮನೆ ಚರಂಡಿಗೆ ಸುರಿಯುತ್ತಿತ್ತು. ಅಜ್ಜಾ, ನಾನು ಯೋಚನೆಯನ್ನೇ ಮಾಡಲಿಲ್ಲ. ಕೈ ತಾನಾಗಿ ಹೋಗಿ ಪಕ್ಕದ ನಲ್ಲಿ ತಿರುಗಿಸಿಬಿಟ್ಟಿತು. ಆರನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿದ್ದವಳು. ನಲ್ಲಿ ಬಿಟ್ಟು ಬಂದವರನ್ನು ವಾರ್ಡನ್ ಬಿಸಿಲಿಗೆ ನಿಲ್ಲಿಸುತ್ತಿದ್ದರು. ಅದಕ್ಕೂ ಮುಂಚೆ ಕುಕ್ಕುವಾಡದ ನೀರುಗಂಟಿ ಮಾಳಿಂಗಪ್ಪನ ಮೊಮ್ಮಗಳು. ಕಾಲುವೆ ಮೇಲೆ ನಿನ್ನ ಹಿಂದೆ ಬರುವಾಗ ತೂಬು ಸೋರುವುದು ಕಂಡರೆ, "ಮುಚ್ಚವ್ವಾ, ಮುಂದಿನ್ ಗದ್ದೆಯೋರಿಗೆ ಬೇಕು" ಅನ್ನುತ್ತಿದ್ದೆಯಲ್ಲ. ಚರಂಡಿಗೆ ಬೀಳುತ್ತಿದ್ದದ್ದು ಹೊಗೆಯ ಪೈಪನ್ನು ತಣಿಸಿ ಬಂದ ನೀರು, ಆ ಪೈಪಿಗೆ ನೀರು ಕೊಡುವ ನಲ್ಲಿಯೇ ಅದು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಗಳಿಗೆಯಲ್ಲಿ ಹೊಳೆಯಲಿಲ್ಲ.

ಹತ್ತು ನಿಮಿಷಕ್ಕೆ ಶೆಡ್ಡಿನ ತುಂಬ ಬಿಳಿ ಹೊಗೆ. ಬಾಟಲಿಯ ಬಿರಡೆ ಹಾರಿತು. ಮಸ್ತಾನಸಾಬರು "ಹೊರಗ್ ನಡೀರಿ, ನಡೀರಿ!" ಅಂತ ಪ್ರಾಜೆಕ್ಟಿನ ನಮ್ಮ ನಾಲ್ವರನ್ನೂ ಬಾಗಿಲಾಚೆ ದಬ್ಬಿ, ತಾವು ಒಳಗೆ ಹೋಗಿ ಗ್ಯಾಸ್ ಬಂದ್ ಮಾಡಿದರು. ಕುದಿಯುವ ಎಣ್ಣೆ ಅವರ ಬಲಗೈ ಮೇಲೆ ಸಿಡಿಯಿತು. ಮಾರನೆಯ ದಿನ ಎಚ್.ಒ.ಡಿ. ಮೇಡಂ ನಲ್ಲಿ ಮುಚ್ಚಿದ್ದು ಯಾರು ಅಂತ ಕೇಳಿದರು. ನೀರು ನೋಡಿಕೊಳ್ಳುವುದು ಮಸ್ತಾನಸಾಬರ ಕೆಲಸವಾದ್ದರಿಂದ ಎಲ್ಲರೂ ಅವರ ಕಡೆ ತಿರುಗಿದರು. "ನೆಪ್ಪಿಲ್ರೀ ಮೇಡಂ, ನಾನೇ ಮುಚ್ಚಿರ್ಬೋದು" ಅಂದರು ಮಸ್ತಾನಸಾಬರು. ಅವರದು ಕಾಂಟ್ರ್ಯಾಕ್ಟ್ ಕೆಲಸ. ಎನ್‌ಕ್ವೈರಿ ಮುಗಿಯುವವರೆಗೆ ಕೆಲಸಕ್ಕೆ ಬರಬೇಡಿ ಅಂದುಬಿಟ್ಟರು ಮೇಡಂ. ನಾನು ಚಪ್ಪಲಿ ನೋಡುತ್ತಾ ನಿಂತಿದ್ದೆ.

ಗುರುವಾರ ನಾಲ್ವರೂ ಹಣ್ಣು ಹಿಡಿದುಕೊಂಡು ವಿನೋಬನಗರದ ಅವರ ಮನೆಗೆ ಹೋದೆವು. ಬೆರಳಿನಿಂದ ಮುಂಗೈವರೆಗೆ ಬ್ಯಾಂಡೇಜು. ಅವರ ಹೆಂಡತಿ ಶಹಜಾದಿ ಟೀ ತಂದರು, ಗಂಡನ ಎಡಗೈಗೆ ಲೋಟ ಹಿಡಿಸಿದರು. ನಾನು ಕೂತ ಜಾಗದ ಪಕ್ಕ ನೀರಿನ ಡ್ರಮ್ಮು, ಅದರ ನಲ್ಲಿ ತೊಟ್ಟಿಕ್ಕುತ್ತಿತ್ತು. ಮಾತಾಡುತ್ತಾ ಮಾತಾಡುತ್ತಾ ನನ್ನ ಕೈ ಹೋಗಿ ಅದನ್ನು ಬಿಗಿ ಮಾಡಿತು. ತಲೆ ಎತ್ತಿದರೆ ಮಸ್ತಾನಸಾಬರು ನನ್ನ ಕೈಯನ್ನೇ ನೋಡುತ್ತಿದ್ದರು. "ಒಳ್ಳೆ ರೂಢಿ ಐತವ್ವಾ ನಿಂದು" ಅಂದರು. "ಟೀ ಕುಡಿ, ಆರಿ ಹೋಗ್ತೈತೆ." ಅಷ್ಟೇ.

ಅವತ್ತಿನಿಂದ ಊಟ ಸೇರುತ್ತಿಲ್ಲ. ಹೇಳಿದರೆ ಡಿಬಾರ್ ಮಾಡುತ್ತಾರಂತೆ, ಹಾಸ್ಟೆಲ್ ಸೀಟೂ ಹೋಗುತ್ತದಂತೆ. ಬಾತಿ ಊರಿನ ಟೀ ಅಂಗಡಿಯಲ್ಲಿ ಅಪ್ಪ ಸಿಕ್ಕಸಿಕ್ಕವರಿಗೆಲ್ಲ "ನಮ್ ಮನ್ಯಾಗೆ ಮೊದ್ಲನೇ ಎಂಜಿನಿಯರು" ಅನ್ನುವುದು ಕಿವಿಯಲ್ಲಿ ಕೇಳಿಸುತ್ತದೆ. ಆಮೇಲೆ ಆ ಬ್ಯಾಂಡೇಜು ಕಾಣುತ್ತದೆ. ಬೆರಳು ಸೆಟೆದು ನಿಂತರೆ ಅವರನ್ನು ಯಾರು ಕೆಲಸಕ್ಕೆ ಕರೆಯುತ್ತಾರೆ ಅಜ್ಜಾ?

ಕಣ್ಣು ಉಜ್ಜಿಕೊಳ್ಳಬೇಡ. ಅತ್ತೆಗೆ ನಮಸ್ಕಾರ ತಿಳಿಸು, ಪರೀಕ್ಷೆಯ ಟೆನ್ಷನ್ ಅಂತ ಬರೆದಿದ್ದಾಳೆ ಅನ್ನು.

ನಿನ್ನ ಕಾಲಿಗೆ ಬೀಳುವ ಮೊಮ್ಮಗಳು,
ಚೌಡೇಶ್ವರಿ

ತಾ.ಕ.: ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಇವತ್ತು ಬೆಳಿಗ್ಗೆ ಮೇಡಂ ಹತ್ತಿರ ಹೋಗಿ ನಲ್ಲಿ ಮುಚ್ಚಿದ್ದು ನಾನೇ ಅಂತ ಹೇಳಿಬಿಟ್ಟೆ. ಅವರು ಬೈಯಲಿಲ್ಲ, ಬರೆದುಕೊಂಡರು, ಅದಕ್ಕೇ ಹೆದರಿಕೆ. ಸೋಮವಾರ ಹನ್ನೊಂದಕ್ಕೆ ಮನೆಯವರನ್ನು ಕರೆದುಕೊಂಡು ಬಾ ಅಂದಿದ್ದಾರೆ, ಮಸ್ತಾನಸಾಬರನ್ನೂ ಕರೆಸುತ್ತಾರಂತೆ. ಅಪ್ಪನಿಗೆ ಹೇಳಿಲ್ಲ. ನೀನು ಬಾ. ಕಪ್ಪು ಕನ್ನಡಕ ಹಾಕಿಕೋ, ಕಿವಿಯ ಮಷಿನ್ ಮರೆಯಬೇಡ. ಹರಿಹರದಿಂದ ದಿನಾ ಓಡಾಡುವ ಗೆಳತಿ ಸಿಮ್ರಾನ್ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ. ಗೇಟಿನಲ್ಲಿ ನಿಂತು "ಬಸ್ ಹೋಗ್ತೈತೆ ಕಣೇ" ಅಂತ ಕೂಗುತ್ತಿದ್ದಾಳೆ. ಇನ್ನೊಂದು ಅಜ್ಜಾ, ಅಲ್ಲಿ ಬಂದ ಮೇಲೆ ನನ್ನ ಪಕ್ಕ ಕೂಡಬೇಡ. ಮಸ್ತಾನಸಾಬರ ಪಕ್ಕ ಕೂಡು.