ಮುಚ್ಚದೆ ಬಿಟ್ಟ ಟ್ಯಾಗ್

ಆಸ್ಪತ್ರೆಯ ಕಂಪ್ಯೂಟರ್ ವಿಭಾಗದವರಿಗೆ ನಮಸ್ಕಾರ.

ನಾನೂ ನನ್ನ ಯಜಮಾನರೂ ಒಂದೇ ದಿನ ತೀರಿಕೊಂಡೆವೆಂದು ನಿಮ್ಮಿಂದ ಮಗಳಿಗೆ ಸಂತಾಪದ ಪತ್ರ ಬಂದಿತ್ತು. ಅವರು ಹೋದದ್ದು ನಿಜ. ನಾನು ಇದ್ದೇನೆ.

ಮಗಳು ಅವತ್ತೇ ನಿಮ್ಮ ಮೇಲೆ ಜಗಳಕ್ಕೆ ಹೊರಟಿದ್ದಳು. "ಇರಲಿ ಬಿಡೇ, ಏನವಸರ" ಅಂತ ನಾನೇ ತಡೆದೆ. ನಿಜ ಹೇಳಬೇಕೆಂದರೆ, ಆಗ ನನಗದು ತಪ್ಪು ಅನ್ನಿಸಿರಲಿಲ್ಲ.

ಈಗ ಅವಳಿಗೆ ಮಗುವಾಗಿದೆ. "ಥೇಟ್ ನಮ್ಮಪ್ಪನ ಮೂಗು ಕಣಮ್ಮಾ" ಅಂತಾಳೆ. ತೊಡೆಯ ಮೇಲೆ ಮಲಗಿಸಿಕೊಂಡರೂ, ಪೊರೆ ಬಂದ ನನ್ನ ಕಣ್ಣಿಗೆ ಎಲ್ಲ ಮಂಜುಮಂಜು. ಆಪರೇಷನ್ನಿಗೆ ದಿನ ಕೇಳಲು ಬಂದರೆ, ತೀರಿಕೊಂಡವರ ಹೆಸರಿಗೆ ಕೊಡಲು ಬರುವುದಿಲ್ಲವಂತೆ.

ಕೌಂಟರಿನ ಹುಡುಗಿ ಪಾಪ, ಫೈಲು ತೆರೆದು ನಮ್ಮ ಸಾಲುಗಳನ್ನು ಓದಿ ಹೇಳಿದಳು. ನಿವೃತ್ತಿಯಾಗುವ ತನಕ ನಾನೂ ಪ್ರೋಗ್ರಾಂ ಬರೆದವಳೇ. ಕೇಳಿದ ಕೂಡಲೇ ಗೊತ್ತಾಯಿತು. ಯಜಮಾನರ ಹೆಸರಿನ ಮುಂದೆ 'ಮರಣ' ಎಂಬ ಟ್ಯಾಗ್, ಅಂದರೆ ಗುರುತು, ತೆರೆದವರು ಅದು ಇಲ್ಲಿಗೆ ಮುಗಿಯಿತೆಂದು ಮುಚ್ಚಲು ಮರೆತಿದ್ದಾರೆ. ಎಲ್ಲಿ ನಿಲ್ಲಬೇಕೆಂದು ತಿಳಿಯದ ನಿಮ್ಮ ಪ್ರೋಗ್ರಾಂ ಓದುತ್ತಾ ಕೆಳಗಿಳಿದು, ಮುಂದಿನ ಸಾಲಿನಲ್ಲಿದ್ದ ನನ್ನನ್ನೂ ಅವರ ಜೊತೆಗೇ ಕಳಿಸಿಬಿಟ್ಟಿದೆ. ನಾವಿಬ್ಬರೂ ಒಟ್ಟಿಗೇ ಬಂದು ಹೆಸರು ಬರೆಸಿದ್ದೆವು.

ದಯವಿಟ್ಟು ಆ ಟ್ಯಾಗನ್ನು ಅವರ ಸಾಲಿನಲ್ಲೇ ಮುಚ್ಚಿ. ಆ ಮೂಗನ್ನು ನಾನೊಮ್ಮೆ ನೋಡಬೇಕು.

ಹಾಗಂತ ನನ್ನ ಸಾಲನ್ನು ಎತ್ತಿ ಬೇರೆಲ್ಲೋ ಹಾಕಬೇಡಿ. ಅವರ ಕೆಳಗೆ ಎಲ್ಲಿದೆಯೋ ಅಲ್ಲೇ ಇರಲಿ.

ಇಂತಿ,
ನಿಮ್ಮ ಫೈಲಿನ ಮುಂದಿನ ಸಾಲಿನವಳು