ರಾಂಡಲ್ ಕೈಯಾಡಿಸಿದ ಎಂಜಿನ್

ಕ್ಲೈಡಣ್ಣಾ,

ಕಾರು ಶೆಡ್ಡಿನಲ್ಲಿದೆ. ಬಾನೆಟ್ ಇನ್ನೂ ಕಾದಿದೆ, ಮುಟ್ಟಬೇಡ. ನೀನು ರಾತ್ರಿ ಪಾಳಿ ಮುಗಿಸಿ ಮಲಗಿದ್ದೆ, ಅದಕ್ಕೇ ಎಬ್ಬಿಸಲಿಲ್ಲ.

ಹೋದ ಭಾನುವಾರ ವುಡ್‌ವರ್ಡ್ ರಸ್ತೆಯ ಗೆಳೆಯರೆಲ್ಲರ ಮುಂದೆ ನೀನು ರೇಸ್ ಸೋತದ್ದು ಅಪ್ಪನ ಕಾಲದ ಎಂಜಿನ್ನಿಗೆ ವಯಸ್ಸಾಗಿ ಅಲ್ಲ. ನಿನ್ನೆ ಟೈಮಿಂಗ್ ಲೈಟ್ ಹಿಡಿದು ನೋಡಿದೆ. ಎಂಜಿನ್ನಿನ ಕಿಡಿ ಹತ್ತು ಡಿಗ್ರಿ ತಡವಾಗಿ ಹಾರಿ, ಕಾರಿನ ಎಳೆತವೇ ಕುಗ್ಗಿತ್ತು. ರೇಸಿನ ಹಿಂದಿನ ದಿನ "ಬಿಡು ಕ್ಲೈಡ್, ನಾನು ನೋಡ್ತೀನಿ" ಅಂತ ಕಿಡಿಯ ಹೊತ್ತು ಗೊತ್ತುಮಾಡುವ ಡಿಸ್ಟ್ರಿಬ್ಯೂಟರ್ ತಿರುಗಿಸಿದವನು ನಿನ್ನ ಪ್ರಾಣಸ್ನೇಹಿತ ರಾಂಡಲ್. ಗೆದ್ದವನೂ ಅವನೇ, "ಈ ಕಬ್ಬಿಣಾನ ಗುಜರಿಗೆ ಹಾಕು" ಅಂದವನೂ ಅವನೇ. ನೀನು ಮಾತ್ರ ವಾರವಿಡೀ ಸರಿಯಾಗಿ ಊಟ ಮಾಡಲಿಲ್ಲ.

ಟೈಮಿಂಗ್ ಸರಿ ಮಾಡಿದೆ. ಹೆಚ್ಚು ಪೆಟ್ರೋಲ್ ಹರಿಯಲಿ ಅಂತ ಕಾರ್ಬೊರೇಟರಿಗೆ ಒಂದಳತೆ ದೊಡ್ಡ ಜೆಟ್ ಹಾಕಿ, ಹೊಸ ಪ್ಲಗ್ ಕೂರಿಸಿದೆ. ಇವತ್ತು ಬೆಳಿಗ್ಗೆ ರೇಸ್ ಮೈದಾನಕ್ಕೆ ಹೋಗಿ ಅವನನ್ನೇ ಪಂದ್ಯಕ್ಕೆ ಕರೆದೆ.

"ತಂಗೀನ ಕಳಿಸಿದ್ನಾ ನಿಮ್ಮಣ್ಣ?" ಅಂತ ನಕ್ಕ. ಮೂರು ಸಲ ಓಡಿಸಿದೆವು. ಮೂರು ಸಲವೂ ಅವನಿಗೆ ಕಂಡದ್ದು ನಮ್ಮ ಕಾರಿನ ಹಿಂದಿನ ದೀಪ ಮಾತ್ರ. ಆಮೇಲೆ ಅಲ್ಲಿದ್ದ ಗೆಳೆಯರೆಲ್ಲರಿಗೂ ಕೇಳುವ ಹಾಗೆ ಕೇಳಿದೆ, "ನಮ್ಮಣ್ಣಂದು ಎಷ್ಟು ಡಿಗ್ರಿ ತಿರುಗಿಸಿದ್ದೆ, ರಾಂಡಲ್?" ಅವನ ಮುಖ ಕಪ್ಪಿಟ್ಟಿತು. ಒಬ್ಬರೂ ಅವನ ಜೊತೆ ಕಾಫಿಗೆ ನಿಲ್ಲಲಿಲ್ಲ. ನನ್ನ ಸಿಟ್ಟು ಅಷ್ಟಕ್ಕೂ ಇಳಿಯಲಿಲ್ಲ.

ನಾನು ಕೆಲಸಕ್ಕೆ ಹೊರಟೆ. ಸಂಜೆ ಅವನು ಕ್ಷಮೆ ಕೇಳೋಕೆ ಬರ್ತಾನಂತೆ. ನೀನು ಕರಗಿಬಿಡ್ತೀಯ, ನನಗೆ ಗೊತ್ತು. ಬಾಗಿಲಲ್ಲೇ ನಿಲ್ಲಿಸಿ ಕೇಳಿಸಿಕೋ, ಒಳಗೆ ಮಾತ್ರ ಕರೀಬೇಡ. ಫ್ರಿಜ್ಜಿನಲ್ಲಿರೋ ಚೆರ್ರಿ ಪೈ ಪೂರ್ತಿ ನಿನಗೇ. ಅವನಿಗೆ ಒಂದು ಚೂರು ಕೊಟ್ಟೆಯೋ, ಮುಂದಿನ ರೇಸು ನಿನಗೂ ನನಗೂ!

ನಡೀನ್